ಯಾರ ಕೈ ಬಿಸಿ?

ಜಪಾನೀ ಭಾಷೆಯಲ್ಲಿ ‘ಒಮಾಕಸೆ’ ಎಂದೊಂದು ಮಾತಿದೆ. ‘ನಿಮಗೆ ಬಿಟ್ಟಿದ್ದೇನೆ, ನಿಮ್ಮಿಷ್ಟದಂತೆ ಆಗಲಿ’ ಎಂದು ಅದರ ಅರ್ಥ. ಊಟದ ಅಂಗಡಿಗೆ ಹೋಗಿ ಈ ಒಂದು ಮಾತು ಹೇಳಿ ಕೂತರೆ ಸಾಕು, ಆ ದಿನ ಯಾವ ಮೀನು ಚೆನ್ನಾಗಿದೆ, ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ದಪ್ಪ, ಎಷ್ಟು ತೆಳು ಎಂಬುದನ್ನೆಲ್ಲ ಅಡುಗೆಯವನೇ ತೀರ್ಮಾನಿಸಿ ಮುಂದಿಡುತ್ತಾನೆ. ಉಣ್ಣುವವನು ತುಟಿ ಎರಡು ಮಾಡದೆ ತಿಂದು, ದುಡ್ಡು ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ಎದ್ದು ಬರುತ್ತಾನೆ. ನಂಬಿ ಒಪ್ಪಿಸಿದ ಮೇಲೆ ತಕರಾರಿಲ್ಲ.

ಇದೇ ಮಾತು ನಮ್ಮ ಮನೆಗಳಲ್ಲೂ ಇದೆ. ದಿನಾ ಬೆಳಿಗ್ಗೆ ನೀವೂ ಕೇಳಿರುತ್ತೀರಿ. “ಇವತ್ತು ಏನು ಅಡುಗೆ ಮಾಡಲಿ?” ಎಂದರೆ ಪೇಪರಿನ ಹಿಂದಿನಿಂದ “ಏನಾದರೂ ಮಾಡು, ನಿನ್ನಿಷ್ಟ” ಎಂಬ ಉತ್ತರ ಬರುತ್ತದೆ. ಸರಿ, ನನ್ನಿಷ್ಟ ಎಂದು ಬದನೆಕಾಯಿ ಗೊಜ್ಜು ಮಾಡಿಟ್ಟರೆ ಮಧ್ಯಾಹ್ನ ತಟ್ಟೆಯ ಮುಂದೆ ಕೂತು “ಇವತ್ತೂ ಬದನೆಕಾಯಿಯೇ?” ಎನ್ನುವುದೂ ಅದೇ ಬಾಯಿ. ಮಗನಿಗೆ ಖಾರ ಜಾಸ್ತಿ, ಮಾವನಿಗೆ ಉಪ್ಪು ಕಡಿಮೆ, ಅತ್ತೆಗೆ ತೆಂಗಿನಕಾಯಿ ನುಣ್ಣಗಾಗಿಲ್ಲ. ಬಿಟ್ಟುಕೊಟ್ಟದ್ದು ಯೋಚನೆಯ ಭಾರವನ್ನು ಮಾತ್ರ, ಅಧಿಕಾರವನ್ನಲ್ಲ. ಅಂಗಡಿಯ ಗಂಡಸಿಗೆ ‘ನಿಮ್ಮಿಷ್ಟ’ ಎಂದರೆ ಅದು ಬಿರುದು. ಮನೆಯ ಹೆಂಗಸಿಗೆ ‘ನಿನ್ನಿಷ್ಟ’ ಎಂದರೆ ಅದು ಇನ್ನೊಂದು ಕೆಲಸ. ನನ್ನ ಜಗಳ ಇರುವುದು ಈ ವ್ಯತ್ಯಾಸದ ಜೊತೆ. ಅದನ್ನು ನನ್ನ ಕಣ್ಣಿಗೆ ಹಿಡಿದು ತೋರಿಸಿದ್ದು ಟೋಕಿಯೋ ನಗರದ ಒಂದು ಗಲ್ಲಿಯ ಮೀನಿನ ಊಟ.

ಮಗಳು ಅಳಿಯ ಇರುವುದು ಟೋಕಿಯೋದ ಪೂರ್ವ ಭಾಗದ ಎಡೊಗಾವಾ ವಾರ್ಡಿನ ನಿಶಿ-ಕಸಾಯ್ ಎಂಬಲ್ಲಿ. ಕಂಪ್ಯೂಟರ್ ಕೆಲಸಕ್ಕೆ ಹೋದ ಭಾರತೀಯರು ಬಹಳ ವರ್ಷಗಳಿಂದ ನೆಲೆಸಿರುವ ಜಾಗ ಅದು. ಬೀದಿಯಲ್ಲಿ ಹೋಗುತ್ತಿದ್ದರೆ ತಮಿಳು, ಹಿಂದಿ, ತೆಲುಗು ಕಿವಿಗೆ ಬೀಳುತ್ತವೆ, ಅದೃಷ್ಟವಿದ್ದರೆ ಕನ್ನಡವೂ. 2023ರ ನವೆಂಬರಿನಲ್ಲಿ ನಾನೂ ಯಜಮಾನರೂ ಅಲ್ಲಿಗೆ ಹೋಗಿದ್ದೆವು. ಮೊದಲ ವಾರ ದೇವಸ್ಥಾನ, ತೋಟ, ಗೋಪುರ ಎಲ್ಲ ಆಯಿತು. ಎರಡನೆಯ ವಾರ ನಾನು ಮಗಳಿಗೆ ಹೇಳಿದೆ: “ನಾನು ಗಂಗೊಳ್ಳಿ ಕಡೆಯ ಹೆಂಗಸು. ಮೀನಿನ ದೇಶಕ್ಕೆ ಬಂದು ಮೀನು ತಿನ್ನದೆ ಹೋದರೆ ಊರಿನಲ್ಲಿ ಮುಖ ಹೇಗೆ ತೋರಿಸಲಿ?”

ಗಿಂಜಾದ ದೊಡ್ಡ ಹೆಸರಿನ ಅಂಗಡಿಗಳಲ್ಲಿ ಒಮಾಕಸೆ ಎಂದರೆ ಒಬ್ಬರಿಗೆ 30-40 ಸಾವಿರ ಯೆನ್ ದಾಟುವುದು ಮಾಮೂಲು. ಆ ದಿನಗಳ ಲೆಕ್ಕದಲ್ಲಿ 40 ಸಾವಿರ ಯೆನ್ ಎಂದರೆ ನಮ್ಮ 22 ಸಾವಿರ ರೂಪಾಯಿ. ಒಂದು ಹೊತ್ತಿನ ಮೀನಿಗೆ ಅಷ್ಟು ಸುರಿಯಲು ನಾವೇನು ಮಂತ್ರಿಗಳೆ? ಮಗಳು ಮನೆಯ ಹಿಂದಿನ ಗಲ್ಲಿಯಲ್ಲಿದ್ದ ಸಣ್ಣ ಅಂಗಡಿಗೆ ಕರೆದುಕೊಂಡು ಹೋದಳು. ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ಒಳಗೆ ಮರದ ಕಟ್ಟೆಯ ಮುಂದೆ ಎಂಟು ಕುರ್ಚಿ, ಮೂಲೆಯಲ್ಲಿ ಎರಡು ಮೇಜು. ಕಟ್ಟೆಯ ಆಚೆ ಎಪ್ಪತ್ತರ ಆಸುಪಾಸಿನ ಮನುಷ್ಯ, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಮಧ್ಯಾಹ್ನದ ಒಮಾಕಸೆ ಸಾಶಿಮಿ ಊಟಕ್ಕೆ 1,800 ಯೆನ್, ಸುಮಾರು ಸಾವಿರ ರೂಪಾಯಿ. ಟೋಕಿಯೋದ ಮಟ್ಟಿಗೆ ಇದು ಅಗ್ಗವೇ.

ಸಾಶಿಮಿ ಎಂದರೆ ಹಸಿ ಮೀನಿನ ಹೋಳು. ಮುಖ ಕಿವುಚಬೇಡಿ, ನಾನೂ ಮೊದಲು ಕಿವುಚಿದ್ದೆ. ಒಗ್ಗರಣೆ ಇಲ್ಲ, ಮಸಾಲೆ ಇಲ್ಲ, ಹುಳಿ ಇಲ್ಲ, ಒಲೆಯ ಮುಖವನ್ನೇ ಕಾಣದ ಮೀನು ತಿನ್ನುವುದುಂಟೆ ಎಂದುಕೊಂಡವಳ ಮುಂದೆ ಒಂದು ತಟ್ಟೆ ಬಂತು. ದಾರದಂತೆ ಹೆರೆದ ಬಿಳಿ ಮೂಲಂಗಿಯ ಗುಡ್ಡೆ, ಅದಕ್ಕೊರಗಿಸಿದ ಶಿಸೋ ಎಂಬ ಹಸಿರು ಎಲೆ, ಒಂದು ಚಿಟಿಕೆ ವಾಸಾಬಿ, ಸುತ್ತ ಏಳು ಬಗೆಯ ಮೀನು. ಕೆಂಪು ಮಾಗುರೋ, ಅಂದರೆ ನಮ್ಮ ಕಡೆಯ ಕೇದರದ ಬಳಗದ ಟ್ಯೂನಾ. ಎಲೆಯ ಬಣ್ಣ ಕೆಳಗಿನಿಂದ ಕಾಣುವಷ್ಟು ತೆಳ್ಳಗೆ ಕೊಯ್ದ ಬಿಳಿಯ ತಾಯ್. ಚಳಿಗೆ ಕೊಬ್ಬು ಹಿಡಿದ ಬುರಿ. ಮೇಲೆ ಸಣ್ಣ ಸಣ್ಣ ಗೀರು ಹಾಕಿದ ಇಕಾ, ಅಂದರೆ ಬೊಂಡಾಸ್. ಹೊತಾತೆ ಎಂಬ ಸಿಹಿ ಚಿಪ್ಪಿನ ಮಾಂಸ. ಬೆಳ್ಳಿ ಚರ್ಮದ ಆಜಿ. ಕೊನೆಗೆ ಸಾಬಾ, ನಮ್ಮ ಬಂಗುಡೆಯ ದಾಯಾದಿ. ಅದನ್ನು ಮೊದಲು ಉಪ್ಪಿನಲ್ಲಿಟ್ಟು ಆಮೇಲೆ ವಿನೆಗರಿನಲ್ಲಿ ನೆನೆಸಿರುತ್ತಾರೆ. ಜೊತೆಗೆ ಬಿಸಿ ಅನ್ನ, ಮಿಸೋ ಸಾರು, ಸೌತೆ ಮತ್ತು ಮೂಲಂಗಿಯ ಉಪ್ಪಿನಕಾಯಿ, ಹಸಿರು ಚಹಾ.

ರುಚಿ ಹೇಗಿತ್ತು ಎಂದರೆ, ಐವತ್ತೈದು ವರ್ಷ ಮೀನು ತಿಂದವಳು ನಾನು, ಮೀನಿಗೂ ಅದರದ್ದೇ ಆದ ಒಂದು ಪರಿಮಳವಿದೆ ಎಂದು ಅವತ್ತು ತಿಳಿಯಿತು. ನಾವು ಅದನ್ನು ಮೆಣಸು, ಕೊತ್ತಂಬರಿಗಳ ಕೆಳಗೆ ಮಲಗಿಸಿಬಿಡುತ್ತೇವೆ. ತಾಯ್ ಮೊದಲು ಗಟ್ಟಿ ಎನ್ನಿಸಿ, ಅಗಿಯುತ್ತಾ ಹೋದಂತೆ ಸಿಹಿಯಾಯಿತು. ಬುರಿ ನಾಲಿಗೆಯ ಮೇಲೆ ಬೆಣ್ಣೆಯಂತೆ ಕರಗಿತು. ಸಾಬಾದ ಹುಳಿ ನನ್ನನ್ನು ನೇರ ಊರಿಗೇ ಕರೆದುಕೊಂಡು ಹೋಯಿತು. ಅದರ ಕೆಲಸವೆಲ್ಲ ಕತ್ತಿಯಲ್ಲಿದೆ. ಯಾನಾಗಿಬಾ ಎಂಬ ಆ ಉದ್ದನೆಯ ಕತ್ತಿಗೆ ಒಂದೇ ಕಡೆ ಬಾಯಿ. ಗರಗಸದಂತೆ ಹಿಂದೆ ಮುಂದೆ ಆಡಿಸುವಂತಿಲ್ಲ. ಹಿಡಿಯ ಹತ್ತಿರದಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಹೋಳು ಬೀಳಬೇಕು. ಇಲ್ಲದಿದ್ದರೆ ಮೀನಿನ ಮೈ ಹರಿದು ರುಚಿ ಕೆಡುತ್ತದೆ. ಇದನ್ನು ಓದಿ ನಮ್ಮ ಪೇಟೆಯ ಮೀನು ತಂದು ಹಸಿಯಾಗಿ ತಿನ್ನಲು ಹೋಗಬೇಡಿ ಮಾರಾಯರೆ. ಅಲ್ಲಿ ಬಲೆಯಿಂದ ತೆಗೆದ ಗಳಿಗೆಯಿಂದ ಅದಕ್ಕೆ ಬೇರೆಯದೇ ಆರೈಕೆ ಇದೆ. ಹಸಿ ಮೀನಿನಲ್ಲಿರುವ ಅನಿಸಾಕಿಸ್ ಎಂಬ ಹುಳು ಸಾಯಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆ ಹೆಪ್ಪುಗಟ್ಟಿಸಬೇಕು ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ವಿನೆಗರಿಗೆ ಅದು ಸಾಯುವುದಿಲ್ಲ.

ಮುದುಕ ಒಂದೊಂದು ಹೋಳಿನ ಹೆಸರನ್ನೂ ಹೇಳಿ ಬಗ್ಗಿದ. ಯಜಮಾನರು ಏಳನ್ನೂ ತಿಂದರು. ಒಂದಕ್ಕೂ ‘ಉಪ್ಪು ಕಡಿಮೆ’ ಎನ್ನಲಿಲ್ಲ. ಮನೆಯಲ್ಲಿ ನೀರಿಗೂ ದೋಷ ಹುಡುಕುವ ಮನುಷ್ಯ ಅಲ್ಲಿ ಕೈ ಮುಗಿಯುವುದೊಂದು ಬಾಕಿ. ನಾನು ಇದನ್ನು ಗಮನಿಸುತ್ತಿದ್ದಾಗಲೇ ಕಟ್ಟೆಯ ಹಿಂದಿನ ಸಣ್ಣ ಪರದೆ ಸರಿಸಿಕೊಂಡು ಒಬ್ಬಳು ಹೆಂಗಸು ಬಂದಳು. ಅವಳು ಮುದುಕನ ಹೆಂಡತಿ. ಸಾರಿನ ಬಟ್ಟಲು ತಂದವಳು ಅವಳು, ಚಹಾ ತುಂಬಿಸಿದವಳು ಅವಳು, ಎದ್ದವರ ತಟ್ಟೆ ಒಯ್ದವಳು ಅವಳು, ದುಡ್ಡು ಎಣಿಸಿಕೊಂಡವಳೂ ಅವಳು. ಮಗಳು ಅಲ್ಲಿಗೆ ಆಗಾಗ ಹೋಗುವವಳಾದ್ದರಿಂದ ಅವಳಿಗೆ ಸಲಿಗೆಯಿತ್ತು. ಉಪ್ಪಿನಕಾಯಿ ಯಾರು ಹಾಕಿದ್ದು ಎಂದು ಕೇಳಿಸಿದೆ. ‘ನಾನೇ’ ಎಂದಳು. ಅನ್ನ, ಸಾರು? ‘ನಾನೇ.’ ಬೆಳಿಗ್ಗೆ ಮೀನಿನ ಹುರುಪೆ ತೆಗೆದು, ಹೊಟ್ಟೆ ಸೀಳಿ, ಮುಳ್ಳು ಬಿಡಿಸಿ, ತೊಳೆದು ಒರೆಸಿ ಇಡುವವರು? ‘ಅದೂ ನಾನೇ’ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹಾಗಾದರೆ ಕಟ್ಟೆಯ ಮುಂದೆ ನಿಂತು ನೀವೇಕೆ ಕೊಯ್ಯುವುದಿಲ್ಲ ಎಂದು ನಾನು ಕೇಳಿದೆ. ಮಗಳು ಅದನ್ನು ಜಪಾನಿಯಲ್ಲಿ ಹೇಳುವಾಗ ಸ್ವಲ್ಪ ಮೆದು ಮಾಡಿರಬೇಕು. ಆ ಹೆಂಗಸು ಗಂಡನ ಮುಖ ನೋಡಿದಳು. ಮುದುಕ, ಒಳ್ಳೆಯ ಮನುಷ್ಯ, ಒಂದಿಷ್ಟೂ ಕಹಿಯಿಲ್ಲದೆ ನಗುತ್ತಾ ಹೇಳಿದ: “ಹೆಂಗಸರ ಕೈ ಬಿಸಿ. ಮೀನು ಕೆಡುತ್ತದೆ.”

ಬೆಳಗಿನಿಂದ ಆ ಏಳು ಮೀನುಗಳನ್ನೂ ಮುಟ್ಟಿದ್ದು ಅವಳ ಕೈಯೇ. ಹಿಂದಿನ ಕೋಣೆಯಲ್ಲಿ ಮೂರು ಗಂಟೆ ಮುಟ್ಟಿದಾಗ ಕೆಡದ ಮೀನು, ಗಿರಾಕಿಯ ಮುಂದೆ ಮೂರು ನಿಮಿಷ ಮುಟ್ಟಿದರೆ ಕೆಡುತ್ತದೆ! ಇದು ಯಾವ ಶಾಸ್ತ್ರ, ಹೇಳಿ.

ಇದು ಆ ಮುದುಕ ತಾನೇ ಹೊಸೆದ ಮಾತಲ್ಲ. ಸುಶಿ, ಸಾಶಿಮಿಯ ಕಸುಬಿನಲ್ಲಿ ತಲೆಮಾರುಗಳಿಂದ ಓಡಾಡಿಕೊಂಡು ಬಂದ ಮಾತು. ಹೆಂಗಸರ ಕೈ ಬಿಸಿ, ಅವರು ಹಚ್ಚುವ ಪೌಡರು ಸೆಂಟಿನ ವಾಸನೆ ಮೀನಿಗೆ ಹತ್ತುತ್ತದೆ, ಅವರ ತೋಳಿಗೆ ಬಲ ಸಾಲದು ಎಂದೆಲ್ಲ ಹೇಳುತ್ತಾ ಬಂದಿದ್ದಾರೆ. ಗಿಂಜಾದಲ್ಲಿ ಜಗತ್ತಿಗೇ ಹೆಸರಾದ ಒಂದು ಸುಶಿ ಅಂಗಡಿಯಿದೆ, ಅದರ ಮೇಲೆ ಸಿನಿಮಾ ಕೂಡ ಬಂದಿದೆ. ಆ ಮನೆಯ ಹಿರಿಯ ಮಗ 2011ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಇನ್ನೂ ಬಿಡಿಸಿ ಹೇಳಿದ. ಹೆಂಗಸರಿಗೆ ಮುಟ್ಟಾಗುತ್ತದಲ್ಲ, ಅದರಿಂದ ಅವರ ನಾಲಿಗೆಯ ರುಚಿ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಅವರು ಸುಶಿ ಮಾಡುವ ಕಸುಬಿಗೆ ಆಗುವುದಿಲ್ಲ ಎಂಬುದು ಆತನ ವಾದದ ಸಾರ.

ಬಿಸಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1998ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವೈದ್ಯರು ಗಂಡಸರು ಹೆಂಗಸರ ಕೈಗಳ ಉಷ್ಣತೆಯನ್ನು ಅಳೆದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಂಗಸರ ಮೈಯ ಒಳಗಿನ ಶಾಖ ಗಂಡಸರಿಗಿಂತ ಕೂದಲೆಳೆಯಷ್ಟು ಹೆಚ್ಚು. ಆದರೆ ಕೈಗಳು? ಹೆಂಗಸರ ಕೈಯೇ ತಣ್ಣಗೆ, ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು. ಹಾಗೆ ನೋಡಿದರೆ ಕತ್ತಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಬೇಕಾದವರು ಯಾರು? ಅದೂ ಹೋಗಲಿ, ಸುಶಿ ಕಟ್ಟುವ ಗಂಡಸರು ಅಂಗೈಗೆ ಆಗಾಗ ವಿನೆಗರಿನ ನೀರು ಮುಟ್ಟಿಸಿಕೊಳ್ಳುತ್ತಾರೆ. ಅನ್ನ ಅಂಟದಂತೆ, ಕೈ ತಣ್ಣಗಿರುವಂತೆ. ಅದೇ ಬಟ್ಟಲಿಗೆ ಹೆಂಗಸು ಕೈ ಅದ್ದಿದರೆ ನೀರೇನು ಕುದಿಯುತ್ತದೆಯೆ?

ಇನ್ನು ಸಮುದ್ರದ ಕಡೆ ನೋಡಿ. ಮಿಏ ಪ್ರಾಂತದ ತೋಬಾ ಮತ್ತು ಶಿಮಾ ಕರಾವಳಿಯಲ್ಲಿ ‘ಅಮಾ’ ಎಂಬ ಹೆಂಗಸರಿದ್ದಾರೆ. ಬೆನ್ನಿಗೆ ಗಾಳಿಯ ಸಿಲಿಂಡರಿಲ್ಲದೆ, ಉಸಿರು ಕಟ್ಟಿ ತಣ್ಣನೆಯ ಕಡಲಿಗೆ ಮುಳುಗಿ, ಬಂಡೆಗೆ ಕಚ್ಚಿಕೊಂಡ ಅವಾಬಿ ಎಂಬ ದೊಡ್ಡ ಚಿಪ್ಪಿನ ಜೀವಿಯನ್ನು ಕಿತ್ತು ತರುವವರು. ಅರವತ್ತು ಎಪ್ಪತ್ತು ದಾಟಿದ ಅಜ್ಜಿಯರೂ ಮುಳುಗುತ್ತಾರೆ. 2017ರಲ್ಲಿ ಜಪಾನ್ ಸರ್ಕಾರ ಅವರ ಈ ವಿದ್ಯೆಯನ್ನು ರಾಷ್ಟ್ರದ ಮಹತ್ವದ ಜಾನಪದ ಪರಂಪರೆ ಎಂದು ಘೋಷಿಸಿತು. ಅವರು ತಂದ ಅವಾಬಿ ಇಸೆಯ ದೊಡ್ಡ ದೇವಸ್ಥಾನಕ್ಕೆ ನೈವೇದ್ಯಕ್ಕೆ ಹೋಗುತ್ತದೆ. ದೇವರಿಗೆ ಬಿಸಿ ತಾಗದ ಕೈ ಗಿರಾಕಿಗೆ ತಾಗುತ್ತದೆ!

ಮುಟ್ಟಿನ ಮಾತಂತೂ ನಮಗೆ ಹೊಸದಲ್ಲ. ಸುಮೋ ಕುಸ್ತಿಯ ಅಖಾಡಕ್ಕೆ ಅಲ್ಲಿ ಹೆಂಗಸರು ಕಾಲಿಡುವಂತಿಲ್ಲ, ಮೈಲಿಗೆ. 2018ರ ಏಪ್ರಿಲಿನಲ್ಲಿ ಮಾಯ್‌ಜುರು ಎಂಬ ಊರಿನಲ್ಲಿ ಭಾಷಣ ಮಾಡುತ್ತಿದ್ದ ಮೇಯರು ಅಖಾಡದ ಮೇಲೆಯೇ ಕುಸಿದು ಬಿದ್ದರು. ಪ್ರೇಕ್ಷಕರ ನಡುವಿನಿಂದ ಹೆಂಗಸರು ಓಡಿ ಹತ್ತಿ ಎದೆ ಒತ್ತಿ ಜೀವ ಉಳಿಸಲು ಹೊರಟರೆ, ಹೆಂಗಸರು ಕೆಳಗಿಳಿಯಬೇಕು ಎಂದು ಧ್ವನಿವರ್ಧಕದಲ್ಲಿ ಕೂಗಿದರು. ಆಮೇಲೆ ಸುಮೋ ಸಂಘದ ಅಧ್ಯಕ್ಷರು ಕ್ಷಮೆ ಕೇಳಿದ್ದೂ ಆಯಿತು. ನಿಷೇಧ ಮಾತ್ರ ಹೋಗಲಿಲ್ಲ.

‘ಅಯ್ಯೋ, ಜಪಾನಿನಂಥ ಮುಂದುವರಿದ ದೇಶದಲ್ಲಿ ಹೀಗೆಯೆ?’ ಎಂದು ಮೂಗಿನ ಮೇಲೆ ಬೆರಳಿಡುವ ಮುಂಚೆ ನಮ್ಮ ಅಡುಗೆಮನೆಗೆ ಒಮ್ಮೆ ಹೋಗಿ ಬರೋಣ. ನನ್ನ ಅಜ್ಜಿಯ ಕಾಲದಲ್ಲಿ ಮೂರು ದಿನ ಹೊರಗೆ ಎಂದರೆ ಹೊರಗೇ. ತುಂಬಿದ ಮನೆ, ಬೇಯಿಸಿ ಹಾಕಲು ಅತ್ತೆ, ಓರಗಿತ್ತಿ, ನಾದಿನಿ ಇದ್ದರು. ಮನೆಗಳು ಚಿಕ್ಕವಾದವು, ಗಂಡ ಹೆಂಡತಿ ಮಕ್ಕಳು ಮಾತ್ರ ಉಳಿದರು. ಆಗ ಏನಾಯಿತು ನೆನಪಿದೆಯೆ? ಯಾವ ಮಠಾಧೀಶರೂ ಅಪ್ಪಣೆ ಕೊಡಲಿಲ್ಲ, ಯಾವ ಪಂಡಿತರೂ ಗ್ರಂಥ ತೆರೆಯಲಿಲ್ಲ. ದಿನದ ಸಾರು ಅನ್ನಕ್ಕೆ ಮುಟ್ಟಿನ ಅಡ್ಡಿ ಸದ್ದಿಲ್ಲದೆ ಹೋಯಿತು. ಏಕೆಂದರೆ ಅದಿದ್ದರೆ ಅನ್ನ ಬೇಯಿಸಬೇಕಾದವರು ಗಂಡಸರು. ಆದರೆ ಗಣಪತಿಯ ಕಡುಬಿಗೆ, ಶ್ರಾದ್ಧದ ವಡೆಗೆ, ದೇವಸ್ಥಾನದ ಪ್ರಸಾದಕ್ಕೆ ಆ ಅಡ್ಡಿ ಹಾಗೆಯೇ ಇದೆ. ನಿಯಮ ಸಡಿಲವಾದದ್ದು ಅವರಿಗೆ ತೊಂದರೆಯಾದ ಕಡೆ ಮಾತ್ರ. ಮೈಲಿಗೆಯೇ ನಿಜವಾದ ಕಾರಣವಾಗಿದ್ದರೆ ಅದು ಎರಡು ಒಲೆಗೂ ಒಂದೇ ಆಗಿರಬೇಕಿತ್ತಲ್ಲವೆ?

ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಬೇಯಿಸುವವರು ಅಡುಗೆ ಭಟ್ಟರು. ಮೊದಲೇ ಮುಂಗಡ, ಕೊನೆಗೆ ಶಾಲು, ಬರುವಾಗ ಹೋಗುವಾಗ ‘ಭಟ್ಟರೇ’ ಎಂಬ ಮರ್ಯಾದೆ. ತರಕಾರಿ ಹೆಚ್ಚುವವರು, ತೆಂಗಿನಕಾಯಿ ತುರಿಯುವವರು, ಪಾತ್ರೆ ತಿಕ್ಕುವವರು ಹೆಂಗಸರು. ಉಡುಪಿ ಹೋಟೆಲುಗಳು ಊರೂರಿಗೆ ಹಬ್ಬಿದವು, ದೇಶ ದಾಟಿದವು. ಆ ಸಾಂಬಾರಿನ ಹದ ಹುಟ್ಟಿದ್ದು ಯಾವ ಅಮ್ಮಂದಿರ ಕೈಯಲ್ಲಿ ಎಂದು ಯಾವ ಬೋರ್ಡಿನ ಮೇಲೆ ಬರೆದಿದೆ? ಹೆಂಗಸರೇ ಕೈಯಾರೆ ಬೇಯಿಸಿ ಬಡಿಸುವ ಸಾರ್ವಜನಿಕ ಅಡುಗೆಮನೆ ಬೇಕೆಂದರೆ ನಮ್ಮ ಸರ್ಕಾರಿ ಶಾಲೆಗೆ ಹೋಗಿ. ಅಕ್ಷರ ದಾಸೋಹದ ಬಿಸಿಯೂಟ ಬೇಯಿಸುವವರು ಹೆಂಗಸರೇ. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. 2009ರಲ್ಲಿ ಕೇಂದ್ರ ಸರ್ಕಾರ ಅದನ್ನು ತಿಂಗಳಿಗೆ 1,000 ರೂಪಾಯಿ, ವರ್ಷದಲ್ಲಿ 10 ತಿಂಗಳಿಗೆ ಎಂದು ಗೊತ್ತು ಮಾಡಿತು. ಅದರ ಮೇಲಿನದನ್ನು ಬೇಕಾದರೆ ರಾಜ್ಯಗಳು ಸೇರಿಸಿಕೊಳ್ಳಲಿ ಎಂದಿತು. ಎರಡು ತಿಂಗಳ ರಜೆಯಲ್ಲಿ ಆ ಹೆಂಗಸರಿಗೆ ಹೊಟ್ಟೆ ಇರುವುದಿಲ್ಲ ಎಂದು ಲೆಕ್ಕ.

ನಮ್ಮ ಗಂಗೊಳ್ಳಿ, ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಮೀನು ವಿಂಗಡಿಸುವವರು, ಐಸಿನಲ್ಲಿ ಕೈಯಿಟ್ಟು ಬೆರಳು ಮರಗಟ್ಟಿಸಿಕೊಳ್ಳುವವರು, ಬುಟ್ಟಿ ಹೊತ್ತು ಮನೆಮನೆಗೆ ಬರುವವರು ಹೆಂಗಸರು. ಮೆಟ್ಟುಕತ್ತಿಯ ಮುಂದೆ ಕೂತು ಅಂಜಲನ್ನು ಒಂದೇ ಅಳತೆಯ ತುಂಡು ಮಾಡುವ ಅವರ ಕೈ ನೋಡಿದ್ದೀರಲ್ಲ? ಬಾಯಲ್ಲಿ ನಾಲ್ಕು ಜನರ ಜೊತೆ ಚೌಕಾಶಿ ನಡೆದಿರುತ್ತದೆ, ಕೈ ಮಾತ್ರ ಒಂದು ನೂಲು ಆಚೀಚೆ ಹೋಗುವುದಿಲ್ಲ. ನನ್ನ ಇಡೀ ಬದುಕಿನಲ್ಲಿ ಅವರ ಕೈ ಬಿಸಿ, ಮೀನು ಕೆಟ್ಟಿತು ಎಂದ ಒಬ್ಬ ಗಂಡಸನ್ನೂ ನಾನು ಕಂಡಿಲ್ಲ. ಅವರಿಗೆ ಹೆಸರು, ಬಿರುದು, ಟಿವಿಯ ಕ್ಯಾಮೆರಾ ಯಾವುದೂ ಇಲ್ಲವಲ್ಲ, ಆದ್ದರಿಂದ ಅವರ ಕೈಯ ಬಿಸಿಯೂ ಯಾರಿಗೂ ತಾಗಲಿಲ್ಲ. ಅಡುಗೆಗೆ ಹಣವೂ ಮಾನವೂ ಬಂದ ಕೂಡಲೇ ಹೆಣ್ಣಿನ ಮೈಯಲ್ಲಿ ದೋಷ ಕಾಣಿಸಿಕೊಳ್ಳುತ್ತದೆ. ಅದೇ ಅಡುಗೆ ಬಿಟ್ಟಿಯಾದ ಕೂಡಲೇ ಅದೇ ಮೈ ಅನ್ನಪೂರ್ಣೆಯ ಮೈಯಾಗುತ್ತದೆ.

ಈಗ ಆ ಊಟದ ಅಗ್ಗದ ಲೆಕ್ಕಕ್ಕೆ ಬರುತ್ತೇನೆ. ಅಂಗಡಿಯಿಂದ ಹೊರಗೆ ಬಂದ ಯಜಮಾನರು, ಸಾವಿರ ರೂಪಾಯಿಗೆ ಏಳು ಮೀನು, ಅನ್ನ, ಸಾರು, ಚಹಾ, ಬಹಳ ಅಗ್ಗವಾಯಿತು ಎಂದು ಖುಷಿಪಟ್ಟರು. ಅಗ್ಗ ಹೇಗಾಯಿತು ಎಂದು ನಾನು ಕೇಳಿದೆ. ಮೀನಿನವನು ರಿಯಾಯಿತಿ ಕೊಟ್ಟಿಲ್ಲ, ಕರೆಂಟಿನ ಬಿಲ್ಲು ಕಡಿಮೆಯಾಗಿಲ್ಲ. ಅಡುಗೆ ಸಹಾಯಕ, ತೊಳೆಯುವವಳು, ಬಡಿಸುವವಳು, ಗಲ್ಲದ ಗುಮಾಸ್ತೆ, ಈ ನಾಲ್ಕು ಕೆಲಸವನ್ನು ಒಬ್ಬಳೇ ಮಾಡಿ ಸಂಬಳದ ಪುಸ್ತಕದಲ್ಲಿ ಹೆಸರಿಲ್ಲದೆ ಇರುವವಳೊಬ್ಬಳು ಇಂಥ ಗಂಡ ಹೆಂಡಿರ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುತ್ತಾಳೆ. ನಮ್ಮೂರಿನ ಕಿರಾಣಿ ಅಂಗಡಿ, ಗೂಡಂಗಡಿ, ಟೈಲರ್ ಅಂಗಡಿಗಳ ಕಥೆಯೂ ಇದೇ ಅಲ್ಲವೆ?

ಜಪಾನಿನಲ್ಲಿ ಇದು ಕಾಯಿದೆಯ ಪುಸ್ತಕದಲ್ಲೇ ಇದೆ. ಅಲ್ಲಿನ 1965ರ ಆದಾಯ ತೆರಿಗೆ ಕಾಯಿದೆಯ 56ನೇ ಕಲಮಿನ ಪ್ರಕಾರ ಸ್ವಂತ ಸಣ್ಣ ವ್ಯಾಪಾರದವನು ತನ್ನ ಮನೆಯವರಿಗೆ ಕೊಟ್ಟ ಕೂಲಿಯನ್ನು ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ. ಅದರ ಬದಲು ದುಡಿಯುವ ಹೆಂಡತಿಯ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚೆಂದರೆ 8,60,000 ಯೆನ್ ಕಳೆಯಬಹುದು. ಬೇರೆ ಒಂದು ನಮೂನೆಯಲ್ಲಿ ಮೊದಲೇ ಅರ್ಜಿ ಕೊಟ್ಟು, ಲೆಕ್ಕಪತ್ರ ಸರಿಯಾಗಿ ಇಟ್ಟರೆ ಮಾತ್ರ ಅವಳ ಸಂಬಳ ಖರ್ಚಾಗಿ ನಿಲ್ಲುತ್ತದೆ. 8,60,000 ಎಂದರೆ ತಿಂಗಳಿಗೆ 72 ಸಾವಿರ ಯೆನ್ ಕೂಡ ಆಗುವುದಿಲ್ಲ. ನಾವು ಹೋಗಿದ್ದಾಗ ಟೋಕಿಯೋದಲ್ಲಿ ಕನಿಷ್ಠ ಕೂಲಿ ಗಂಟೆಗೆ 1,113 ಯೆನ್. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 22 ದಿನ ಎಂದು ಹಿಡಿದರೂ ಪಕ್ಕದ ಅಂಗಡಿಯ ಹೊಸ ಹುಡುಗನಿಗೆ 1,95,000 ಯೆನ್ ದಾಟುತ್ತದೆ. ಸಣ್ಣ ವ್ಯಾಪಾರದ ಮನೆಗಳ ಹೆಂಗಸರು ಈ ಕಲಮು ರದ್ದಾಗಲಿ ಎಂದು ವರ್ಷಗಟ್ಟಲೆ ಹೋರಾಡಿಕೊಂಡು ಬಂದಿದ್ದಾರೆ. 2016ರಲ್ಲಿ ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಸಮಿತಿಯೂ ಇದರ ಬಗ್ಗೆ ಜಪಾನಿಗೆ ಎಚ್ಚರಿಕೆ ಹೇಳಿತು.

ನಾನು ಆ ಮುದುಕನನ್ನು ಖಳನಾಯಕ ಮಾಡುತ್ತಿಲ್ಲ. ಅವನ ಬೆನ್ನೂ ಬಾಗಿದೆ, ಅವನೂ ನಸುಕಿಗೆ ಏಳುತ್ತಾನೆ, ಅವನ ಕತ್ತಿಯ ಕೆಲಸ ಕಣ್ಣಿಗೊತ್ತಿಕೊಳ್ಳುವಂಥದು. ದೊಡ್ಡ ಹೋಟೆಲುಗಳ ನಡುವೆ ಅಂಥ ಅಂಗಡಿ ಉಳಿಯಬೇಕು ಎಂದು ನನಗೂ ಆಸೆ. ಆದರೆ ಒಬ್ಬಳ ಕೂಲಿಯನ್ನು ನುಂಗಿ ಬಂದ ಅಗ್ಗವನ್ನು ಅಗ್ಗ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಕೆಲವರು ಇನ್ನೊಂದು ವಾದ ತೆಗೆಯುತ್ತಾರೆ. ಹೆಂಗಸರನ್ನು ಯಾರೂ ತಡೆದಿಲ್ಲ, ಅವರೇ ಬರಲಿಲ್ಲ, ರಾತ್ರಿ ಹೊತ್ತಿನ ಕೆಲಸ, ಮನೆ ಮಕ್ಕಳು ಇರುತ್ತವೆ ಎಂದು. ಜಪಾನಿನಲ್ಲಿ ಹೆಂಗಸರು ರಾತ್ರಿ ಹತ್ತರ ಮೇಲೆ ದುಡಿಯುವುದಕ್ಕೆ ಕಾರ್ಮಿಕ ಕಾಯಿದೆಯದೇ ನಿರ್ಬಂಧವಿತ್ತು. ಅದು ಪೂರ್ತಿ ಹೋದದ್ದು 1999ರಲ್ಲಿ. ಬಾಗಿಲು ಹಾಕಿಟ್ಟು, ನೀವು ಒಳಗೆ ಬರಲಿಲ್ಲ ಎಂದರೆ ಹೇಗೆ? ಬಾಗಿಲು ತೆರೆದ ಹನ್ನೊಂದು ವರ್ಷಕ್ಕೆ, 2010ರಲ್ಲಿ, ಟೋಕಿಯೋದ ಅಕಿಹಾಬಾರದಲ್ಲಿ ಹೆಂಗಸರೇ ಕಟ್ಟೆಯ ಹಿಂದೆ ನಿಂತು ಸುಶಿ ಮಾಡುವ ‘ನಾದೆಶಿಕೊ’ ಎಂಬ ಅಂಗಡಿ ಶುರುವಾಯಿತು. ಬಂದ ಗಂಡಸರಲ್ಲಿ ‘ನಿಮಗೆ ಬರುತ್ತದೆಯೆ?’ ಎಂದು ಗೇಲಿ ಮಾಡಿದವರೂ ಇದ್ದರು. ಮೀನು ಮಾತ್ರ ಕೆಡಲಿಲ್ಲ.

ಇನ್ನು ನಮ್ಮ ಮನೆಗಳ ಮಾತಿಗೆ ಬಂದರೆ, ‘ಮನೆಯೆಂದರೆ ಹೋಟೆಲೆ? ಹೆಂಡತಿಗೂ ಬಿಲ್ಲು ಕೊಡಬೇಕೆ? ಪ್ರೀತಿಗೆ ಬೆಲೆ ಕಟ್ಟುತ್ತೀರಾ?’ ಎಂದು ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಉಂಡು ಕೈ ತೊಳೆದವರು. ಪ್ರೀತಿಗೆ ಬೆಲೆ ಕಟ್ಟಲಾಗದು, ಒಪ್ಪಿದೆ. ಆದರೆ ಹೊತ್ತಿಗೆ ಲೆಕ್ಕವಿದೆ. 2019ರಲ್ಲಿ ನಮ್ಮ ಸರ್ಕಾರವೇ ಜನ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈ ಹಾಕುವವರೇ ಕಡಿಮೆ, ಹಾಕಿದವರು ಕೊಡುವುದು 97 ನಿಮಿಷ. ಪ್ರೀತಿ ಎರಡೂ ಕಡೆ ಇದ್ದರೆ ನಿಮಿಷಗಳು ಒಂದೇ ಕಡೆ ಏಕೆ ಜಾರುತ್ತವೆ?

ಬಿಲ್ಲು ಬೇಡ ಸ್ವಾಮಿ. ನಾನು ಕೇಳುವುದು ಅದಕ್ಕಿಂತ ಸುಲಭದ್ದು, ಬಹುಶಃ ಅದಕ್ಕಿಂತ ಕಷ್ಟದ್ದು. ‘ನಿನ್ನಿಷ್ಟ’ ಎಂದ ಮೇಲೆ ಅದು ನನ್ನಿಷ್ಟವೇ ಆಗಿರಲಿ. ತಟ್ಟೆಯ ಮುಂದೆ ಕೂತು ಮೂಗು ಮುರಿಯುವ ಹಕ್ಕನ್ನು ಬೆಳಿಗ್ಗೆಯೇ ಬಿಟ್ಟುಕೊಟ್ಟಿರಿ ಎಂದು ನೆನಪಿರಲಿ. ಹಾಗೆ ಬಿಟ್ಟುಕೊಡಲು ಆಗದವರು ಏನು ಬೇಕೆಂದು ಯೋಚಿಸಿ, ಸಂತೆಗೆ ಹೋಗಿ, ತಂದು, ಹೆಚ್ಚಿ, ಬೇಯಿಸಲಿ. ಒಲೆ ಯಾರ ಕೈಗೂ ಉರಿಯುತ್ತದೆ. ದಿನಸಿಯ ದುಡ್ಡು ಗಂಡನ ಅಂಗಿ ಜೇಬಿನಿಂದ ಎಣಿಸಿ ಬರುವುದು ನಿಂತು ಅವಳ ಹೆಸರಿನ ಖಾತೆಗೆ ಹೋಗಲಿ. ಅಂಗಡಿಯಲ್ಲಿ ಜೊತೆಗೆ ದುಡಿಯುವವಳಾದರೆ ಅಂಗಡಿಯ ಪರವಾನಗಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಅವಳ ಹೆಸರೂ ಇರಲಿ.

ಹೆಂಗಸರಿಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಆ ಅಭ್ಯಾಸ ನಮಗೂ ಇದೆ. “ನಂದೇನಿದೆ, ಎಲ್ಲ ಅವರದ್ದೇ” ಎನ್ನುತ್ತೇವೆ. ನೆಂಟರು ಸಾರನ್ನು ಹೊಗಳಿದರೆ “ಅಯ್ಯೋ, ಇವತ್ತು ಅಷ್ಟು ಚೆನ್ನಾಗಿ ಆಗಲಿಲ್ಲ” ಎನ್ನುತ್ತೇವೆ. ಏಕೆ? ಚೆನ್ನಾಗಿಯೇ ಆಗಿತ್ತು. ನಾಳೆ ಯಾರಾದರೂ ಹೊಗಳಿದರೆ ‘ಹೌದು, ನಾನು ಮಾಡಿದ್ದು’ ಎಂದು ಹೇಳಿ ನೋಡಿ. ಗಂಡುಮಕ್ಕಳಿಗೆ ಹತ್ತು ವರ್ಷವಾಗುವಷ್ಟರಲ್ಲಿ ಮೀನು ಹೆಚ್ಚುವುದನ್ನೋ ಸಾರು ಕುದಿಸುವುದನ್ನೋ ಕಲಿಸಿ. ಮಗಳಿಗೆ ಕಲಿಸುವಾಗ, ಇದು ಗಂಡನ ಮನೆಗೆಂದು ಹೇಳದೆ, ಇದೊಂದು ವಿದ್ಯೆ, ಇದಕ್ಕೆ ಬೆಲೆಯಿದೆ ಎಂದು ಹೇಳಿಕೊಡಿ. ಅವಳು ಮುಂದೆ ಕಟ್ಟೆಯ ಹಿಂದೆ ನಿಂತು ಕತ್ತಿ ಹಿಡಿಯುತ್ತೇನೆಂದರೆ ಹಿಡಿಯಲಿ. ಆಗ ಯಾರಾದರೂ ಬಂದು ಕೈ ಬಿಸಿ ಎಂದರೆ, ಉಷ್ಣಮಾಪಕ ತಂದು ಇಬ್ಬರ ಕೈಯನ್ನೂ ಅಳೆಯೋಣ ಬನ್ನಿ ಎನ್ನಲಿ.